ಗಂಟುಳ್ಳ ಮರದಿಂದ ಮರಿಗೆಯೂ ಮಣೆಯೂ

ಅಣ್ಣಿಗೇರಿಯ ಸುತ್ತಲಿನ ಎರೆಯ ಸೀಮೆಯಲ್ಲಿ ದೊಡ್ಡ ಮರಗಳು ವಿರಳ. ಸಾಗವಾನಿ ಬೇಕಾದವರು ಪಡುವಣ ಕಲಘಟಗಿಯ ಕಡೆಗೆ ನೋಡಬೇಕು. ಬಣ್ಣದ ತೊಟ್ಟಿಲುಗಳಿಗೆ ಆ ಊರು ಹೆಸರಾಗಿರುವದನ್ನು ವಾಚಕರು ಬಲ್ಲರು. ನಮ್ಮ ಬದುಗಳ ಮೇಲೆ ಬೆಳೆಯುವವು ಜಾಲಿ, ಬೇವು, ಹುಣಸೆ. ಇವು ಸೊಟ್ಟಾಗಿಯೂ ಗಂಟುಳ್ಳವುಗಳಾಗಿಯೂ ಇರುವದರಿಂದ, ಬಿರುಗಾಳಿಗೆ ಬಿದ್ದವುಗಳು ಬಹುಮಟ್ಟಿಗೆ ಒಲೆಗೇ ಹೋಗುತ್ತವೆ. ಆದರೆ ಬಾಗಿಲಿನ ಚೌಕಟ್ಟಿಗೆ ಬಾರದ ಮರವು ಹಿಟ್ಟು ನಾದುವ ಮರಿಗೆಗೂ ಕಾಯಿಪಲ್ಯ ಹೆಚ್ಚುವ ಮಣೆಗೂ ಬಾರದೆಂದು ತಿಳಿಯುವದು ಸರಿಯಲ್ಲ.

ಮೊದಲು ದೋಷವನ್ನು ಪರೀಕ್ಷಿಸತಕ್ಕದ್ದು. ಕೊಂಬೆಯ ಬುಡವನ್ನು ಕಾಂಡವು ಬೆಳೆಯುತ್ತಾ ಒಳಗೆ ಸೇರಿಸಿಕೊಂಡದ್ದೇ ಗಂಟು. ಕೊಂಬೆಯು ಜೀವದಿಂದಿದ್ದಾಗ ಸೇರಿದ್ದರೆ ಗಂಟು ಸುತ್ತಲಿನ ಮರದೊಡನೆ ಒಂದಾಗಿರುವದು. ಅದನ್ನು ಮರಿಗೆಯ ತಳದಲ್ಲಿ ಧಾರಾಳವಾಗಿ ಬಿಡಬಹುದು. ಸತ್ತ ಮೇಲೆ ಸೇರಿದ್ದರೆ ಕಪ್ಪು ಅಂಚುಳ್ಳದ್ದಾಗಿ, ತಟ್ಟಿದರೆ ಅಲುಗುವದು, ಅದನ್ನು ಬಿಡಕೂಡದು. ಹುಳದ ತೂತುಗಳಿಂದ ಹೊಸ ಪುಡಿ ಉದುರುತ್ತಿದ್ದರೆ ಹುಳವು ಇನ್ನೂ ಒಳಗಿರುವದು. ಉಗುರು ಇಳಿಯುವಷ್ಟು ಮೆತ್ತಗಾದ ಮರವು ತೇವವನ್ನು ಹಿಡಿದಿಡುವದರಿಂದ ಆಹಾರಕ್ಕೆ ತಕ್ಕದ್ದಲ್ಲ. ಬೂಷ್ಟಿನಿಂದಾದ ಕಪ್ಪು ಗೆರೆಗಳಾದರೋ, ಮರವು ಗಟ್ಟಿಯಾಗಿದ್ದರೆ ಅಂದವೇ.

ಎಲ್ಲಕ್ಕಿಂತ ಹೆಚ್ಚಾಗಿ ಕೆಲಸವನ್ನು ಕೆಡಿಸುವದು ಬಿರುಕು. ಮರವು ಒಣಗುವಾಗ ಉದ್ದಕ್ಕೆ ಅತ್ಯಲ್ಪವಾಗಿ ಕುಗ್ಗುವದು. ಬಳೆಗಳ ಗುಂಟ ಕುಗ್ಗುವದಾದರೋ ತಿರುಳಿನಿಂದ ಹೊರಕ್ಕೆ ಕುಗ್ಗುವದಕ್ಕಿಂತ ಸುಮಾರು ಎರಡರಷ್ಟು. ಆದಕಾರಣ ತಿರುಳುಳ್ಳ ಇಡೀ ಕೊರಡು ಸೀಳದೆ ಇರಲಾರದು. ಅದನ್ನು ತಿರುಳಿನ ಮೂಲಕ ಎರಡಾಗಿ ಸೀಳಿ, ತಿರುಳನ್ನು ಕೆತ್ತಿ ತೆಗೆದುಹಾಕಿ, ಹಸಿಯಾಗಿರುವಾಗಲೇ ಬಾಚಿಯಿಂದ ತೋಡಬೇಕು. 10 ಅಂಗುಲ ಅಗಲದ ಮರಿಗೆಗೆ ಗೋಡೆಯು ಎಲ್ಲೆಲ್ಲಿಯೂ 1 ಅಂಗುಲ ದಪ್ಪವಾಗಿರಲಿ. ಬಳಿಕ ತುದಿಗಳಿಗೆ ಮೇಣ ಬಳಿದು, ಅದರ ಹೊಟ್ಟಿನಲ್ಲಿಯೇ ಹೂತು, ನೆರಳಿನಲ್ಲಿ ಕೆಲವು ತಿಂಗಳು ಇಡತಕ್ಕದ್ದು. ನಮ್ಮ ಬೇಸಿಗೆಯ ಒಣಗಾಳಿಗೆ ಒಡ್ಡಿದವನು ಸೌದೆಯನ್ನೇ ಪಡೆಯುವನು. ಒಣಗಿದ ಮರಿಗೆಯು ಸ್ವಲ್ಪ ಸೊಟ್ಟಾಗಿರುವದು. ಆಗ ಅದನ್ನು ನಯಮಾಡಿ ಮುಗಿಸಬೇಕು. ಮಣೆಯ ಹಲಗೆಗೆ ದಪ್ಪದ ಅಂಗುಲವೊಂದಕ್ಕೆ ಸುಮಾರು 1 ವರುಷ ಬೇಕಾಗುವದು. ಅದರಲ್ಲಿ ಸಣ್ಣ ಬಿರುಕು ಉಳಿದರೆ ಡಮರುಗದ ಆಕಾರದ ಗಟ್ಟಿ ಬೆಣೆಯನ್ನು, ಅದರ ಎಳೆಗಳು ಬಿರುಕಿಗೆ ಅಡ್ಡವಾಗಿರುವಂತೆ, ಅಡಿಭಾಗದಲ್ಲಿ ಕೂಡಿಸಬೇಕು.

ಕಡೆಗೆ ಎಣ್ಣೆ. ಶೇಂಗಾ ಎಣ್ಣೆಯು ಒಣಗದೆ ಕಮಟುವದು. ಅಗಸೆಯ ಎಣ್ಣೆಯು ಗಾಳಿಗೆ ಗಟ್ಟಿಯಾಗುವದು. ನಮ್ಮ ಹೊಲಗಳ ಕುಸುಬೆ ಎಣ್ಣೆಯೂ ಹಾಗೆಯೇ, ಆದರೆ ನಿಧಾನವಾಗಿ. ಬಣ್ಣದ ಅಂಗಡಿಯ ಅಗಸೆ ಎಣ್ಣೆಯಲ್ಲಿ ಬೇಗನೆ ಒಣಗಲೆಂದು ಲೋಹದ ಲವಣಗಳನ್ನು ಸೇರಿಸುವದುಂಟಾದ್ದರಿಂದ ಗಾಣದ್ದನ್ನೇ ಕೊಳ್ಳಿರಿ. ಅಗಸೆಯ ಎಣ್ಣೆ ಒರಸಿದ ಬಟ್ಟೆಯನ್ನು ಮುದ್ದೆಮಾಡಿ ಮೂಲೆಗೆ ಬಿಟ್ಟರೆ ಅದು ತಾನಾಗಿ ಕಾದು ಹೊತ್ತಿಕೊಳ್ಳಬಹುದು; ಅಂಗಳದಲ್ಲಿ ಹರವಿ ಒಣಗಿಸಿರಿ.