ಚಿಕ್ಕ ಗಡಿಯಾರದ ಚೌಕ: ಕಿವಿ, ಮೂಗು, ಅಂಗಾಲಿಗೆ ಆರು ಸೂತ್ರ

ಮೈಸೂರಿಗೆ ಬಂದವರು ದೇವರಾಜ ಮಾರುಕಟ್ಟೆಯ ಕುಂಕುಮದ ರಾಶಿಯ ಫೋಟೊ ತೆಗೆದುಕೊಂಡು ಹೊರಟುಬಿಡುತ್ತಾರೆ. ಪಕ್ಕದಲ್ಲೇ ಚಿಕ್ಕ ಗಡಿಯಾರವಿದೆ, 1886ರ ವೈಸ್‌ರಾಯ್ ಡಫರಿನ್ ಭೇಟಿಯ ನೆನಪಿಗೆ ಕಟ್ಟಿದ್ದು. ಆ ಚೌಕದಲ್ಲಿ ಅರ್ಧ ಗಂಟೆ ಕಣ್ಣಿಗೆ ಬಿಡುವು ಕೊಟ್ಟು ನೋಡಿ, ಸಿಗುವ ಊರೇ ಬೇರೆ.

1. ಮೊದಲು ಕುಳಿತುಕೊಳ್ಳಿ. ಕಣ್ಣು ಮುಚ್ಚಿ ನಡೆಯುವ ಸಾಹಸ ಬೇಡವೇ ಬೇಡ. ಜನ ಓಡಾಡದ ಕಡೆ ಕೂತು, ಚೀಲ ಮಡಿಲಲ್ಲಿಟ್ಟುಕೊಂಡು, ಮೊಬೈಲ್ ಒಳಗಿಡಿ.

2. ಸದ್ದಿನ ದಿಕ್ಕು ಹಿಡಿಯಿರಿ. ಶುರುವಿನಲ್ಲಿ ಎಲ್ಲವೂ ಬರೀ ಗದ್ದಲ, ಅವಸರಪಡಬೇಡಿ. ಬಲಗಡೆಯ ಸದ್ದು ಎಡಗಿವಿ ಮುಟ್ಟಲು ಸೆಕೆಂಡಿನ ಸಾವಿರದಲ್ಲೊಂದು ಭಾಗಕ್ಕಿಂತಲೂ ಕಡಿಮೆ ತಡ. ಮಿದುಳಿಗೆ ದಿಕ್ಕು ಗೊತ್ತಾಗಲು ಅಷ್ಟು ಸಾಕು. ಮುಂದಿನದೋ ಹಿಂದಿನದೋ ತಿಳಿಯದಿದ್ದರೆ ತಲೆಯನ್ನು ತುಸು ಹೊರಳಿಸಿ. ಸಯ್ಯಾಜಿರಾವ್ ರಸ್ತೆಯ ಬಸ್ಸು, ತರಕಾರಿಯವರ ಕೂಗು, ಅದೃಷ್ಟವಿದ್ದರೆ ಟಾಂಗಾ ಕುದುರೆಯ ಲಾಳದ ಟಕಟಕ, ಒಂದೊಂದೇ ಬೇರೆಯಾಗಿ ಕೇಳತೊಡಗುತ್ತವೆ.

3. ಮೂಗಿಗೆ ಸಂಜೆ ಒಳ್ಳೆಯದು. ಮಲ್ಲಿಗೆ ಮೊಗ್ಗು ಬಿರಿಯುವುದು ಹೊತ್ತಿಳಿದ ಮೇಲೆ. ಒಂದೇ ಜಾಗದಲ್ಲಿ ನಿಲ್ಲಬೇಡಿ. ಕೆಲವೇ ನಿಮಿಷಗಳಲ್ಲಿ ಮೂಗು ಆ ವಾಸನೆಗೆ ಒಗ್ಗಿ ಸುಮ್ಮನಾಗುತ್ತದೆ. ಈ ಹಂತದಲ್ಲಿ ಕಣ್ಣು ತೆರೆದೇ ನಡೆಯಿರಿ, ಆದರೆ ದಾರಿ ತೋರಿಸುವ ಕೆಲಸ ಮೂಗಿಗಿರಲಿ. ಮರುಗ, ದವನ, ಮುಂದೆ ಮಾಗಿದ ಬಾಳೆ, ಆಮೇಲೆ ಕರ್ಪೂರ, ಊದಿನಕಡ್ಡಿ. ಕೊತ್ತಂಬರಿ ಕಟ್ಟು ಬಿಚ್ಚಿದ ತಕ್ಷಣ ಹಸಿಮಣ್ಣಿನ ವಾಸನೆಯೂ ಏಳುತ್ತದೆ. ಇದನ್ನು ಯಾವ ಕ್ಯಾಮೆರಾ ಹಿಡಿದೀತು?

4. ಬೆರಳಿಂದ ವ್ಯಾಪಾರ ಮಾಡಿ. ಕೇಳದೆ ಏನನ್ನೂ ಮುಟ್ಟಬಾರದು, ನಿಜ. ಒಂದು ಮೊಳ ಹೂವು ಕೊಂಡರಂತೂ ಅದು ನಿಮ್ಮದೇ. ಮಾರುವವರ ಮೊಣಕೈಯಿಂದ ಬೆರಳ ತುದಿಯವರೆಗಿನ ಉದ್ದವೇ ಮೊಳ. ನಿಮ್ಮ ಕೈಮೇಲೆ ಹಾಸಿ ಅಳೆದು ನೋಡಿ. ಆಮೇಲೆ ದಂಡೆಯ ಗಂಟುಗಳನ್ನು ಒಂದೊಂದಾಗಿ ತಡವಿ. ಗಂಟು ಒತ್ತೊತ್ತಾಗಿದ್ದರೆ ಹೂವು ಹೆಚ್ಚು. ನಡುವೆ ಬರೀ ನಾರು ಸಿಕ್ಕರೆ ಉದ್ದವಷ್ಟೇ ಬಂತು. ವೀಳ್ಯಕ್ಕೆ ಮೈಸೂರು ಚಿಗುರೆಲೆ ಕೊಳ್ಳುವಾಗಲೂ ಅದರ ನುಣುಪನ್ನು ಬೆರಳೇ ಹೇಳಲಿ.

5. ಅಂಗಾಲನ್ನು ನಂಬಿ. ಒದ್ದೆ ಕಲ್ಲು, ತಗ್ಗು, ತುಳಿದ ಎಲೆಕೋಸಿನ ಸಿಪ್ಪೆ ಎಲ್ಲ ಚಪ್ಪಲಿಯೊಳಗೇ ತಿಳಿಯುತ್ತವೆ. ಈ ಅರಿವನ್ನೇ ನೆಚ್ಚಿ ಜಪಾನಿನ ಸೆಯಿಚಿ ಮಿಯಾಕೆ 1965ರಲ್ಲಿ ಅಂಧರಿಗಾಗಿ ಉಬ್ಬುಚುಕ್ಕಿಯ ಹಾಸು ರೂಪಿಸಿದರು. 1967ರಲ್ಲಿ ಓಕಾಯಾಮದ ರಸ್ತೆಗೆ ಅದು ಬಂತು. ನಮ್ಮ ಮೆಟ್ರೊ ನಿಲ್ದಾಣಗಳ ಹಳದಿ ಪಟ್ಟಿಯೂ ಅದೇ ವಂಶದ್ದು: ಉದ್ದಗೆರೆ ಇದ್ದರೆ ಮುಂದೆ ನಡಿ, ಚುಕ್ಕಿ ಇದ್ದರೆ ಎಚ್ಚರ. ಅಂಥ ಪಟ್ಟಿಯ ಮೇಲೆ ಬೈಕ್ ನಿಲ್ಲಿಸುವುದೆಂದರೆ ಒಬ್ಬರ ದಾರಿಯನ್ನೇ ಕಿತ್ತುಕೊಂಡಂತೆ.

6. ಬಲ್ಲವರ ಜೊತೆ ಹೋಗಿ. ಅರ್ಧ ಗಂಟೆ ಕಣ್ಣು ಮುಚ್ಚಿದ ಮಾತ್ರಕ್ಕೆ ಅಂಧರ ಬದುಕು ತಿಳಿಯುವುದಿಲ್ಲ. ಈ ವಿದ್ಯೆಯಲ್ಲಿ ಅವರು ನಮ್ಮ ಗುರುಗಳು. ಬಿಳಿಕೋಲು ತಟ್ಟಿದ ಸದ್ದು ಗೋಡೆಯ ಬಳಿ ಹೇಗೆ, ತೆರೆದ ಬಾಗಿಲ ಬಳಿ ಹೇಗೆ ಎಂದು ಕೇಳಿ ಕಲಿಯಿರಿ. ನೆರವು ಬೇಕೇ ಎಂದು ಮೊದಲು ಕೇಳಿ. ಬೇಕೆಂದರೆ ಅವರ ಕೈ ಹಿಡಿದೆಳೆಯದೆ ನಿಮ್ಮ ಮೊಣಕೈ ಕೊಡಿ. ಚೌಕದ ಯಾವ ಮೂಲೆ ಅವರನ್ನು ಕಾಡುತ್ತದೆ ಎಂಬುದನ್ನೂ ವಿಚಾರಿಸಿ. ಆ ಬಗ್ಗೆ ಪಾಲಿಕೆಗೆ ಬರೆಯುವ ಅರ್ಜಿಯಲ್ಲಿ ನಿಮ್ಮ ಸಹಿಯೂ ಇರಲಿ.