ಅಜ್ಜಿಯೂ ಬಳಸಬಲ್ಲ ಜಾಲಪುಟ



"ಹೆತ್ತವರಿಗೆ ಹೆಗ್ಗಣ ಮುದ್ದು" ಎಂಬ ಗಾದೆಯನ್ನು ಗಾದೆ ವಿಸ್ತರಣೆಯಲ್ಲಿ ನೀವೆಲ್ಲರೂ ಬರೆದಿದ್ದೀರಿ. ತಾನು ಮಾಡಿದ್ದು ಹೇಗಿದ್ದರೂ ತನ್ನ ಕಣ್ಣಿಗೆ ಚೆಂದವೇ ಎಂಬುದು ಅದರ ಸಾರ. ಈ ಗಾದೆ ಅಂತರ್ಜಾಲಕ್ಕೂ ಅನ್ವಯಿಸುತ್ತದೆ ಎಂಬುದನ್ನು ಕಳೆದ ವರ್ಷ ನಾನೂ ನನ್ನ ಒಂಬತ್ತನೆಯ ತರಗತಿಯ ಮಕ್ಕಳೂ ಒಟ್ಟಿಗೆ ಕಲಿತೆವು. ಕಲಿಸಿದವರು ಉಡುಪಿ ಕಡೆಯ ಒಬ್ಬ ಅಜ್ಜಿ.

ನಡೆದದ್ದು ಇಷ್ಟು. ಕನ್ನಡ ರಾಜ್ಯೋತ್ಸವಕ್ಕೆಂದು ಮಕ್ಕಳು "ನಮ್ಮ ಊರು" ಎಂಬ ಜಾಲಪುಟವನ್ನು ತಯಾರಿಸಿದರು. ಊರಿನಲ್ಲಿರುವ ಅಜ್ಜ ಅಜ್ಜಿಯರಿಂದ ಹಬ್ಬ, ಅಡುಗೆ, ಕಥೆಗಳನ್ನು ಫೋನಿನಲ್ಲಿ ಕೇಳಿ, ಅವರ ಧ್ವನಿಯನ್ನೂ ಸೇರಿಸಿದರು. ಪುಟ ಬಲು ಅಂದವಾಗಿತ್ತು. ನಾನೇ ನೋಡಿ ಒಪ್ಪಿಗೆ ಕೊಟ್ಟೆ. ಒಬ್ಬ ಹುಡುಗ ಅದನ್ನು ತನ್ನ ಅಜ್ಜಿಗೆ ಕಳುಹಿಸಿ, ಶುಕ್ರವಾರ ರಜೆಯ ದಿನ ವಿಡಿಯೋ ಕರೆಯಲ್ಲಿ ಕುಳಿತ. ಅಜ್ಜಿ ಪಕ್ಕದ ಮನೆಯವರ ಫೋನಿನಲ್ಲಿ ಅವನ ಜೊತೆ ಮಾತಾಡುತ್ತಾ ತನ್ನ ಫೋನಿನಲ್ಲಿ ಪುಟ ತೆರೆದರು. ಮೂಲೆಯಲ್ಲಿ ಮೂರು ಅಡ್ಡಗೆರೆಗಳಿದ್ದವು. ಅದನ್ನು ಒತ್ತಿದರೆ ಮಾತ್ರ ಊರುಗಳ ಪಟ್ಟಿ ಬರುತ್ತಿತ್ತು. "ಇದೆಂತ ಮಗಾ, ವಿಭೂತಿ ಪಟ್ಟೆಯ ಹಾಗೆ ಮೂರು ಗೀಟು?" ಎಂದರು ಅಜ್ಜಿ. ಸ್ವಲ್ಪ ಹೊತ್ತು ಅಲ್ಲಿ ಇಲ್ಲಿ ಒತ್ತಿದರು. ಕೊನೆಗೆ, "ನನಗೆ ಇದೆಲ್ಲ ಗೊತ್ತಾಗುವುದಿಲ್ಲ ಮಗಾ. ನೀನು ಊರಿಗೆ ಬಂದಾಗ ತೋರಿಸು" ಎಂದು ಫೋನನ್ನು ಕೆಳಗಿಟ್ಟರು. ತಮ್ಮದೇ ಧ್ವನಿ ಅದರೊಳಗಿದ್ದರೂ ಅವರು ಕೇಳಲಿಲ್ಲ.

ಮರುದಿನದ ತರಗತಿಯಲ್ಲಿ ಆ ಹುಡುಗ ಹೇಳಿದ, "ಅಜ್ಜಿಗೆ ಮೊಬೈಲ್ ಬರುವುದಿಲ್ಲ ಟೀಚರ್." ನಾನೂ ತಲೆಯಾಡಿಸಿದೆ. ಆದರೆ ಮನೆಗೆ ಬಂದ ಮೇಲೆ ಆ ಮಾತು ನನ್ನನ್ನು ಕೊರೆಯತೊಡಗಿತು. ಯಾರಿಗಾಗಿ ಪುಟ ಮಾಡಿದೆವೋ ಅವರಿಗೇ ಅದು ಬಾರದಿದ್ದರೆ ತಪ್ಪು ಯಾರದು?

ಕಾಲೇಜಿನ ಗುಂಪು ಕಲಿಸಿದ ಪಾಠ

ಅದೇ ಸಮಯಕ್ಕೆ ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿನಿಯೊಬ್ಬಳು ರಜೆಗೆ ತಂದೆ ತಾಯಿಯ ಬಳಿ ಬಂದಿದ್ದಳು. ಈಗ ಆಕೆ ಊರಿನಲ್ಲಿ ಇಂಜಿನಿಯರಿಂಗ್ ಓದುತ್ತಿದ್ದಾಳೆ. ವೆಬ್ ತಂತ್ರಜ್ಞಾನ ಮತ್ತು ಬಳಕೆದಾರರ ಅನುಭವದಲ್ಲಿ ಆಸಕ್ತಿಯಿರುವ ವಿದ್ಯಾರ್ಥಿಗಳ ಗುಂಪೊಂದು ಅವಳ ಕಾಲೇಜಿನಲ್ಲಿದೆ. ಅದಕ್ಕೆ ಪರೀಕ್ಷೆಯಿಲ್ಲ, ಅಂಕಗಳಿಲ್ಲ. ವಾರಕ್ಕೊಮ್ಮೆ ಸಂಜೆ ಸೇರುತ್ತಾರೆ. ಕಂಪ್ಯೂಟರ್ ಓದುವವರಷ್ಟೇ ಅಲ್ಲ, ಚಿತ್ರ ಬಿಡಿಸುವವರು, ಮನಃಶಾಸ್ತ್ರ ಓದುವವರು, ಚೆನ್ನಾಗಿ ಬರೆಯುವವರು ಎಲ್ಲರೂ ಬರುತ್ತಾರೆ. ಒಬ್ಬರು ತಾವು ಮಾಡಿದ ಪುಟವನ್ನು ಎದುರಿಗಿಡುತ್ತಾರೆ. ಅದನ್ನು ಎಂದೂ ನೋಡಿರದ ಒಬ್ಬರನ್ನು ಕೂರಿಸಿ, "ಇದರಲ್ಲಿ ನಾಳೆಯ ಬಸ್ಸಿನ ಸಮಯ ಹುಡುಕಿ" ಎಂಬಂಥ ಒಂದು ಕೆಲಸ ಕೊಡುತ್ತಾರೆ. ಆಮೇಲಿನ ನಿಯಮವೇ ಮುಖ್ಯ: ಪುಟ ಮಾಡಿದವರು ಬಾಯಿ ತೆರೆಯಬಾರದು. ಕೈ ತೋರಿಸಬಾರದು. ಸುಮ್ಮನೆ ನೋಡಿ ಬರೆದುಕೊಳ್ಳಬೇಕು.

"ಮೊದಲ ಸಲ ಅಳುವೇ ಬಂತು ಟೀಚರ್. ಎರಡು ವಾರ ಕೂತು ಮಾಡಿದ್ದೆ. ಬಂದವರು ನಾನಿಟ್ಟ ಗುಂಡಿಯನ್ನು ನೋಡಲೇ ಇಲ್ಲ. ಆದರೆ ಅವರಿಗೆ ಗೊತ್ತಾಗಲಿಲ್ಲ ಅಂತ ಹೇಳುವ ಹಾಗಿಲ್ಲ. ನಾನು ಕಾಣುವ ಹಾಗೆ ಇಡಲಿಲ್ಲ ಅಂತ ಬರೆದುಕೊಳ್ಳಬೇಕು" ಎಂದಳು ಆಕೆ. ನಾನು ಹುಡುಕುತ್ತಿದ್ದ ಉತ್ತರ ಆ ಒಂದು ಮಾತಿನಲ್ಲಿತ್ತು.

ವೆಬ್ ಬೆಳೆದದ್ದೇ ಹೀಗೆ

ಇಂತಹ ವಿದ್ಯಾರ್ಥಿ ಗುಂಪುಗಳು ಹೊಸದಲ್ಲ. ವೆಬ್ ಎಂಬ ಗಿಡಕ್ಕೆ ಮೊದಲು ನೀರೆರೆದವರಲ್ಲಿ ವಿದ್ಯಾರ್ಥಿಗಳೇ ಹಲವರು.

1989ರಲ್ಲಿ ಟಿಮ್ ಬರ್ನರ್ಸ್-ಲೀ ಎಂಬ ಆಂಗ್ಲ ವಿಜ್ಞಾನಿ ಜಿನೀವಾ ಬಳಿಯ ಸರ್ನ್ ಸಂಶೋಧನಾ ಕೇಂದ್ರದಲ್ಲಿ ವೆಬ್‌ನ ಯೋಜನೆಯನ್ನು ಬರೆದರು. ಅವರು ರೂಪಿಸಿದ ಮೊದಲ ಬ್ರೌಸರ್ ನೆಕ್ಸ್ಟ್ ಎಂಬ ಗಣಕಯಂತ್ರದಲ್ಲಿ ಮಾತ್ರ ನಡೆಯುತ್ತಿತ್ತು. ಆ ಯಂತ್ರ ಇದ್ದವರು ಬಹಳ ಕಡಿಮೆ. ಎಲ್ಲ ಬಗೆಯ ಯಂತ್ರಗಳಲ್ಲೂ ನಡೆಯುವ ಸರಳ ಬ್ರೌಸರನ್ನು ಬರೆದವರು ನಿಕೋಲಾ ಪೆಲ್ಲೋ. ಅವರು ಆಗ ಇಂಗ್ಲೆಂಡಿನ ಲೆಸ್ಟರ್ ಪಾಲಿಟೆಕ್ನಿಕ್‌ನಲ್ಲಿ ಗಣಿತ ಓದುತ್ತಿದ್ದ ವಿದ್ಯಾರ್ಥಿನಿ.

1992ರಲ್ಲಿ ಫಿನ್ಲೆಂಡಿನ ಹೆಲ್ಸಿಂಕಿ ತಾಂತ್ರಿಕ ವಿಶ್ವವಿದ್ಯಾಲಯದ ನಾಲ್ವರು ವಿದ್ಯಾರ್ಥಿಗಳು ಸೇರಿ ಎರ್ವೈಸ್ ಎಂಬ ಬ್ರೌಸರ್ ಮಾಡಿದರು. ಬರ್ನರ್ಸ್-ಲೀ ಅವರೇ ಅಲ್ಲಿಗೆ ಹೋಗಿ ಕೆಲಸ ಮುಂದುವರಿಸಿ ಎಂದು ಕೇಳಿಕೊಂಡರು. ಆದರೆ ಓದು ಮುಗಿದ ಮೇಲೆ ಅದಕ್ಕೆ ಹಣದ ನೆರವು ಸಿಗಲಿಲ್ಲ. ಅದರ ವಿವರಣೆಯೆಲ್ಲ ಫಿನ್ನಿಷ್ ಭಾಷೆಯಲ್ಲಿದ್ದುದರಿಂದ ಬರ್ನರ್ಸ್-ಲೀ ತಾವೇ ಅದನ್ನು ಮುಂದುವರಿಸಲೂ ಆಗಲಿಲ್ಲ. ಅದೇ ವರ್ಷ ಅಮೆರಿಕದ ಕಾನ್ಸಾಸ್ ವಿಶ್ವವಿದ್ಯಾಲಯದಲ್ಲಿ ಕ್ಯಾಂಪಸ್ಸಿನ ಮಾಹಿತಿ ಹಂಚಲೆಂದು ಲಿಂಕ್ಸ್ ಆರಂಭವಾಯಿತು. ಮುಂದೆ ಅದು ವೆಬ್ ಪುಟಗಳನ್ನೂ ತೋರಿಸತೊಡಗಿತು. ಅಕ್ಷರಗಳನ್ನು ಮಾತ್ರ ತೋರಿಸುವ ಅದು ಧ್ವನಿಯ ಮೂಲಕ ಓದುವ ದೃಷ್ಟಿಹೀನರಿಗೆ ಉಪಕಾರಿಯಾಯಿತು.

1993ರಲ್ಲಿ ಇಲಿನಾಯ್ ವಿಶ್ವವಿದ್ಯಾಲಯದ ಸೂಪರ್‌ಕಂಪ್ಯೂಟರ್ ಕೇಂದ್ರದಿಂದ ಮೊಸಾಯಿಕ್ ಬಂದಿತು. ಅದನ್ನು ಬರೆದವರು ವಿದ್ಯಾರ್ಥಿಯಾಗಿದ್ದ ಮಾರ್ಕ್ ಆಂಡ್ರೀಸನ್ ಮತ್ತು ಅಲ್ಲಿಯ ಉದ್ಯೋಗಿ ಎರಿಕ್ ಬಿನಾ. ಅಕ್ಷರ ಮತ್ತು ಚಿತ್ರಗಳು ಒಂದೇ ಪುಟದಲ್ಲಿ ಕಾಣುತ್ತಿದ್ದವು, ಅದನ್ನು ಅಳವಡಿಸಿಕೊಳ್ಳುವುದೂ ಸುಲಭವಾಗಿತ್ತು. ಅಷ್ಟೇ ಅಲ್ಲ, ಬಳಸಿದವರು ಬರೆದ ದೂರುಗಳನ್ನು ಓದಿ, ಉತ್ತರಿಸಿ, ಕೂಡಲೇ ತಿದ್ದುವ ಅಭ್ಯಾಸ ಆಂಡ್ರೀಸನ್ ಅವರಿಗಿತ್ತು. ಮೊಸಾಯಿಕ್ ಜನಪ್ರಿಯವಾಗಲು ಇದೂ ಒಂದು ಕಾರಣ.

ಬಳಕೆದಾರರ ಅನುಭವ ಎಂದರೇನು?

ಒಂದು ವಸ್ತುವನ್ನು ಬಳಸುವಾಗ ನಮಗಾಗುವ ಸುಲಭ, ಕಷ್ಟ, ಸಂತೋಷ, ಬೇಸರ ಎಲ್ಲವೂ ಸೇರಿ ಬಳಕೆದಾರರ ಅನುಭವ. ಇದಕ್ಕೆ ಕಂಪ್ಯೂಟರೇ ಬೇಕೆಂದಿಲ್ಲ. ಗಾಜಿನ ಬಾಗಿಲನ್ನು ತಳ್ಳಬೇಕೋ ಎಳೆಯಬೇಕೋ ತಿಳಿಯದೆ ನಾವೆಲ್ಲರೂ ಒಮ್ಮೆ ಪೆಚ್ಚಾಗಿದ್ದೇವೆ. ಅಮೆರಿಕದ ಮನಃಶಾಸ್ತ್ರಜ್ಞ ಡೊನಾಲ್ಡ್ ನಾರ್ಮನ್ 1988ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಇಂತಹ ಬಾಗಿಲುಗಳ ಬಗ್ಗೆ ಬರೆದು, ತಪ್ಪು ಬಳಸುವವನದಲ್ಲ, ವಿನ್ಯಾಸದ್ದು ಎಂದು ತೋರಿಸಿದರು. 1993ರಲ್ಲಿ ಆಪಲ್ ಕಂಪನಿ ಸೇರಿದಾಗ ತಮ್ಮ ಹುದ್ದೆಯ ಹೆಸರಿನಲ್ಲೇ "ಯೂಸರ್ ಎಕ್ಸ್‌ಪೀರಿಯೆನ್ಸ್" ಎಂಬ ಪದಗಳನ್ನು ಸೇರಿಸಿಕೊಂಡರು. ಆ ಮಾತು ಹರಡಿದ್ದು ಅಲ್ಲಿಂದಲೇ.

ನಮ್ಮ ಅಜ್ಜಿಯನ್ನು ಕಾಡಿದ ಮೂರು ಗೆರೆಗಳಿಗೂ ಇತಿಹಾಸವಿದೆ. 1981ರಲ್ಲಿ ಬಂದ ಝೆರಾಕ್ಸ್ ಸ್ಟಾರ್ ಎಂಬ ಗಣಕಯಂತ್ರಕ್ಕಾಗಿ ನಾರ್ಮ್ ಕಾಕ್ಸ್ ಅದನ್ನು ಬಿಡಿಸಿದರು. ಪಟ್ಟಿಯಂತೆ ಕಾಣಲಿ ಎಂಬುದು ಉದ್ದೇಶ. ದಿನವೂ ನೋಡುವ ನಮಗೆ ಅದು ಪಟ್ಟಿ. ನೋಡದವರಿಗೆ ಅದು ಮೂರು ಗೀಟು, ಅಷ್ಟೇ.

ಒಂದು ಪುಟವನ್ನು ಪರೀಕ್ಷಿಸಲು ನೂರಾರು ಜನ ಬೇಕಿಲ್ಲ. ಡೆನ್ಮಾರ್ಕ್ ಮೂಲದ ಜೇಕಬ್ ನೀಲ್ಸನ್ 2000ನೇ ಇಸವಿಯಲ್ಲಿ ಬರೆದಂತೆ, 5 ಜನರಿಂದಲೇ ಶೇಕಡಾ 85ರಷ್ಟು ತೊಡಕುಗಳು ಗೊತ್ತಾಗುತ್ತವೆ. ಒಮ್ಮೆಗೇ 15 ಜನರನ್ನು ಕರೆಯುವ ಬದಲು 5 ಜನರನ್ನು ಕರೆದು, ತಿದ್ದಿ, ಮತ್ತೆ 5 ಜನರನ್ನು ಕರೆಯುವುದು ಮೇಲು ಎಂಬುದು ಅವರ ಸಲಹೆ. ಕಾಲೇಜಿನ ಗುಂಪು ಇಂಥ ಕೆಲಸಕ್ಕೆ ಹೇಳಿ ಮಾಡಿಸಿದಂತಿದೆ.

ನಮ್ಮ ಪುಟದಲ್ಲಿ ಕಂಡ ತಪ್ಪುಗಳು

ಹಳೆಯ ವಿದ್ಯಾರ್ಥಿನಿಯ ಮಾತಿನಂತೆ ನಾವೂ ತರಗತಿಯಲ್ಲಿ ಪರೀಕ್ಷೆ ಮಾಡಿದೆವು. ಮಕ್ಕಳನ್ನು ಕರೆದೊಯ್ಯಲು ಬಂದ ತಾಯಂದಿರು, ಶಾಲಾ ಬಸ್ಸಿನ ಚಾಲಕರಾದ ಅಣ್ಣ, ಊರಿನಿಂದ ಬಂದಿದ್ದ ಒಬ್ಬ ಅಜ್ಜ, ಹೀಗೆ 5 ಜನರನ್ನು ಕೂರಿಸಿದೆವು. ಬಾಯಿ ಮುಚ್ಚಿ ಕೂರುವುದು ಮಕ್ಕಳಿಗಿಂತ ನನಗೇ ಕಷ್ಟವಾಯಿತು! ಮೂರು ತಪ್ಪುಗಳು ಎದ್ದು ಕಂಡವು.

ಮೊದಲನೆಯದು ಆ ಮೂರು ಗೆರೆ. ಅದರ ಬದಲು "ಊರುಗಳ ಪಟ್ಟಿ" ಎಂದು ಕನ್ನಡದಲ್ಲೇ ಬರೆದೆವು.

ಎರಡನೆಯದು ಬಣ್ಣ. ಬಿಳಿಯ ಮೇಲೆ ತಿಳಿ ಹಳದಿ ಅಕ್ಷರ ನಮಗೆ ಚೆಂದ ಕಂಡಿತ್ತು, ಅಜ್ಜನಿಗೆ ಕಾಣಲೇ ಇಲ್ಲ. ವೆಬ್‌ನ ನಿಯಮಗಳನ್ನು ರೂಪಿಸುವ ಒಕ್ಕೂಟವು ಎಲ್ಲರಿಗೂ ಎಟುಕುವಂತೆ ಪುಟ ಮಾಡುವುದು ಹೇಗೆಂದು 1999ರಲ್ಲಿ ಮೊದಲ ಮಾರ್ಗಸೂಚಿ ಹೊರಡಿಸಿತು. 2008ರ ಎರಡನೆಯ ಆವೃತ್ತಿಯ ಪ್ರಕಾರ, ಸಾಮಾನ್ಯ ಗಾತ್ರದ ಅಕ್ಷರಕ್ಕೂ ಹಿನ್ನೆಲೆಗೂ ಹೊಳಪಿನ ವ್ಯತ್ಯಾಸ ಕನಿಷ್ಠ 4.5ಕ್ಕೆ 1ರಷ್ಟಿರಬೇಕು. ಹಾಗಾಗಿ ಹಳದಿಯ ಬದಲು ಕಪ್ಪು ಅಕ್ಷರ ಬಂತು.

ಮೂರನೆಯದು ಕನ್ನಡ ಅಕ್ಷರ. ಮಕ್ಕಳು ಮನೆಯ ಹಳೆಯ ಕಂಪ್ಯೂಟರಿನ ಹಳೆಯ ಫಾಂಟಿನಲ್ಲಿ ಬರೆದದ್ದು ಫೋನಿನಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿ ಕಾಣುತ್ತಿತ್ತು. ಅದಕ್ಕೆಂದು ಬರಹವನ್ನೆಲ್ಲ ಚಿತ್ರವಾಗಿಸಿ ಅಂಟಿಸಿದ್ದರು. ಚಿತ್ರದೊಳಗಿನ ಅಕ್ಷರವನ್ನು ದೊಡ್ಡದು ಮಾಡಿದರೆ ಮಸುಕಾಗುತ್ತದೆ, ಅಂಧರಿಗೆ ಓದಿ ಹೇಳುವ ತಂತ್ರಾಂಶಕ್ಕೂ ಅದು ಸಿಗುವುದಿಲ್ಲ. ಇದಕ್ಕೆ ಪರಿಹಾರ ಯೂನಿಕೋಡ್. ಪ್ರತಿಯೊಂದು ಅಕ್ಷರಕ್ಕೂ ಜಗತ್ತಿನ ಎಲ್ಲ ಯಂತ್ರಗಳೂ ಒಪ್ಪುವ ಒಂದೇ ಸಂಖ್ಯೆ ಕೊಡುವ ಪದ್ಧತಿ ಇದು. 1991ರ ಮೊದಲ ಆವೃತ್ತಿಯಲ್ಲೇ ಕನ್ನಡವಿತ್ತು, ನಮ್ಮ ಲಿಪಿಗೆ ಅದರಲ್ಲಿ 128 ಸ್ಥಾನಗಳನ್ನು ಮೀಸಲಿಡಲಾಗಿದೆ. ಮಕ್ಕಳು ಎಲ್ಲವನ್ನೂ ಯೂನಿಕೋಡ್‌ನಲ್ಲಿ ಮತ್ತೆ ಬೆರಳಚ್ಚು ಮಾಡಿದರು. ಒತ್ತಕ್ಷರಗಳ ಅಭ್ಯಾಸವೂ ಆಯಿತು!

ಮತ್ತೆ ಅಜ್ಜಿಯ ಬಳಿಗೆ

ಮುಂದಿನ ಶುಕ್ರವಾರ ಆ ಹುಡುಗ ಮತ್ತೆ ಕರೆ ಮಾಡಿದ. ಈ ಬಾರಿ ಅವನು ಏನನ್ನೂ ಹೇಳಿಕೊಡಲಿಲ್ಲ. ಅಜ್ಜಿ ಕನ್ನಡಕ ಹಾಕಿಕೊಂಡು "ಊರುಗಳ ಪಟ್ಟಿ" ಎಂದು ಓದಿ, ಒತ್ತಿ, ತಮ್ಮ ಊರನ್ನು ಹುಡುಕಿದರು. ತಮ್ಮ ಧ್ವನಿಯನ್ನು ಎರಡು ಸಲ ಕೇಳಿದರು. ಆಮೇಲೆ ಮೊಮ್ಮಗ ಬರೆದದ್ದನ್ನು ಓದಿ ಗದರಿದರು. "ಇದೆಂತ ಬರೆದದ್ದು? ಹಲಸಿನ ಎಲೆಯಲ್ಲಿ ಬೇಯಿಸುವುದು ಕೊಟ್ಟೆ ಕಡುಬು. ಮೂಡೆ ಮಾಡುವುದು ಕೇದಗೆ ಎಲೆಯಲ್ಲಿ. ಅದನ್ನು ಸರಿ ಮಾಡು!"

ಮೊದಲ ದಿನ "ನನಗೆ ಗೊತ್ತಾಗುವುದಿಲ್ಲ" ಎಂದಿದ್ದ ಅಜ್ಜಿಯೇ ಈಗ ನಮ್ಮ ತಪ್ಪನ್ನು ತಿದ್ದಿದರು. ಪುಟ ಅವರ ಕೈಗೆ ಎಟುಕಿದ್ದರಿಂದಲೇ ಅವರ ತಿಳಿವಳಿಕೆ ನಮಗೆ ದಕ್ಕಿತು. ಇಲ್ಲದಿದ್ದರೆ ತಪ್ಪು ಅಲ್ಲೇ ಉಳಿಯುತ್ತಿತ್ತು.

ಪೋಷಕರಲ್ಲಿ ನನ್ನದೊಂದು ವಿನಂತಿ. ಊರಿನಿಂದ ಹಿರಿಯರು ಫೋನ್ ಹಿಡಿದು ತಡವರಿಸುವಾಗ "ಕೊಡಿ ಇಲ್ಲಿ, ನಾನು ಮಾಡುತ್ತೇನೆ" ಎಂದು ನಾವು ಕಸಿದುಕೊಳ್ಳುತ್ತೇವೆ. ನಾನೂ ಹಾಗೆಯೇ ಮಾಡಿದ್ದೇನೆ. ಇನ್ನು ಮುಂದೆ ಒಂದು ನಿಮಿಷ ಸುಮ್ಮನಿದ್ದು, ಅವರು ಎಲ್ಲಿ ನಿಲ್ಲುತ್ತಾರೆ ಎಂದು ನೋಡೋಣ. ಮಕ್ಕಳೇ, ನಾಳೆ ನೀವು ಯಾವ ದೇಶದ ಯಾವ ವಿಶ್ವವಿದ್ಯಾಲಯಕ್ಕೆ ಹೋದರೂ ಅಲ್ಲಿ ಇಂಥ ಗುಂಪು ಇದೆಯೇ ಎಂದು ವಿಚಾರಿಸಿ. ಇಲ್ಲದಿದ್ದರೆ ನಾಲ್ಕು ಗೆಳೆಯರು ಸೇರಿ ಶುರು ಮಾಡಿ.

ಪದಗಳ ಅರ್ಥ
ವಿನ್ಯಾಸ – ವಸ್ತುವನ್ನು ರೂಪಿಸುವ ಬಗೆ
ತೊಡಕು – ಅಡ್ಡಿ, ಕಷ್ಟ
ಎಟುಕು – ಕೈಗೆ ಸಿಗು
ಗೀಟು – ಗೆರೆ

ಮಾಡಿ ನೋಡಿ
1. "ಹೆತ್ತವರಿಗೆ ಹೆಗ್ಗಣ ಮುದ್ದು" ಗಾದೆಯನ್ನು ನಿಮ್ಮ ಅನುಭವದ ಒಂದು ಉದಾಹರಣೆಯೊಂದಿಗೆ ವಿಸ್ತರಿಸಿ.
2. ಮನೆಯ ಹಿರಿಯರೊಬ್ಬರಿಗೆ ಫೋನಿನಲ್ಲಿ ಒಂದು ಕೆಲಸ ಕೊಟ್ಟು, ಮಾತಾಡದೆ ನೋಡಿ. ಅವರು ಎಲ್ಲೆಲ್ಲಿ ತಡೆದರು ಎಂಬುದನ್ನು ಐದು ವಾಕ್ಯಗಳಲ್ಲಿ ಬರೆಯಿರಿ.
3. ಮನೆಯಲ್ಲಿ ಅಥವಾ ಶಾಲೆಯಲ್ಲಿ ಬಳಸಲು ಗೊಂದಲವಾಗುವ ಒಂದು ವಸ್ತುವನ್ನು ಗುರುತಿಸಿ. ಅದನ್ನು ಹೇಗೆ ಸರಿಪಡಿಸುವಿರಿ?
4. ಎರ್ವೈಸ್ ಮುಂದುವರಿಯದಿರಲು ಕಾರಣಗಳೇನು? ಅದರಿಂದ ನಮಗೆ ತಿಳಿಯುವ ಪಾಠವೇನು?