ಕ್ಯಾಮೆರಾಕ್ಕಲ್ಲ, ವೇಗಕ್ಕೆ ಅಂಜಿ

ಹೊಸದಾಗಿ ಕಾರು ಓಡಿಸುವ ನಿಮಗೆ ಬೆಂಗಳೂರು–ಮೈಸೂರು ಹೆದ್ದಾರಿಯ ಕ್ಯಾಮೆರಾಗಳ ಭಯ ಸಹಜ. ಆದರೆ ಅಲ್ಲಿ ಕಾರುಗಳಿಗೆ ಗಂಟೆಗೆ 100 ಕಿ.ಮೀ. ಮಿತಿ ಇರುವುದು ಜೀವ ಉಳಿಸಲಿಕ್ಕೆ. ವೇಗ 100ರಿಂದ 120ಕ್ಕೆ ಏರಿದರೆ ಡಿಕ್ಕಿಯಲ್ಲಿ ಹೊಮ್ಮುವ ಶಕ್ತಿ ಶೇ 44ರಷ್ಟು ಹೆಚ್ಚುತ್ತದೆ. ಬ್ರೇಕ್ ಒತ್ತಿದ ಮೇಲೆ ಕಾರು ಸಾಗುವ ದೂರವೂ ಹೆಚ್ಚುಕಡಿಮೆ ಅಷ್ಟೇ ಬೆಳೆಯುತ್ತದೆ. ಪ್ರತಿಯಾಗಿ, 100 ಕಿ.ಮೀ. ಪಯಣದಲ್ಲಿ ಉಳಿಯುವುದು ಬರೀ 10 ನಿಮಿಷ.

‘ಕ್ಯಾಮೆರಾ ಕಂಡಾಗ ನಿಧಾನಿಸಿದರೆ ಸಾಲದೇ?’ ಎನ್ನಬಹುದು. ಸಾಲದು. ಥಟ್ಟನೆ ಬ್ರೇಕ್ ಹಾಕಿದರೆ ಹಿಂದಿನವರಿಗೆ ಅಪಾಯ; ಎರಡು ಸ್ಥಳಗಳ ನಡುವಿನ ಸರಾಸರಿ ವೇಗ ಅಳೆಯುವ ವ್ಯವಸ್ಥೆಯ ಮುಂದೆ ಈ ಉಪಾಯ ನಡೆಯದು. ‘ಗೊತ್ತಿಲ್ಲದೆ ಮಿತಿ ದಾಟಿದರೆ?’ ಎಂಬ ಆತಂಕಕ್ಕೆ ಅಭ್ಯಾಸವೇ ಮದ್ದು: ಮುಳ್ಳು 90ರ ಆಸುಪಾಸಿನಲ್ಲಿರಲಿ, ಫಲಕಗಳನ್ನು ಗಮನಿಸಿ. ಇ-ಚಲನ್ ಬಂದರೆ ಚಿತ್ರ, ಸಮಯ ಪರಿಶೀಲಿಸಿ ದಂಡ ಕಟ್ಟಿ. ಚಲನ್ನೇ ತಪ್ಪಾಗಿದ್ದರೆ ದೂರು ಸಲ್ಲಿಸಿ.